ಹಡಗಿನಲ್ಲಿ ಹೋಗಿ ಹಳೇ ಗೆಳೆಯರನ್ನು ನೋಡಿ ಬರೋದು: ಮುಂಬೈ, ಗೋವಾ, ಮಂಗಳೂರು, ಕೊಚ್ಚಿ

ಘಟ್ಟದ ಮೇಲಿನವ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ನಾಲ್ವರು ಸುರತ್ಕಲ್‌ನ ಕೆ.ಆರ್.ಇ.ಸಿ.ಯಲ್ಲಿ, ಅಂದರೆ ಈಗಿನ ಎನ್.ಐ.ಟಿ.ಕೆ.ಯಲ್ಲಿ ಓದಿದವರು. ಹಾಸ್ಟೆಲ್‌ನಲ್ಲಿ ಅಕ್ಕಪಕ್ಕದ ರೂಮು. ಓದು ಮುಗಿದ ಮೇಲೆ ಒಬ್ಬ ಗೋವಾದ ಅದಿರು ವ್ಯವಹಾರಕ್ಕೆ ಸೇರಿ ವಾಸ್ಕೋದಲ್ಲೇ ಮನೆ ಮಾಡಿದ. ಇನ್ನೊಬ್ಬ ಪಣಂಬೂರಿನ ಕುದುರೆಮುಖ ಕಂಪನಿಯಲ್ಲಿ ಕೆಲಸ ಮಾಡಿ ಈಗ ಕುಳಾಯಿಯಲ್ಲಿದ್ದಾನೆ. ಮೂರನೆಯವನು ಕೊಚ್ಚಿಯ ಮಟ್ಟಾಂಚೇರಿಯ ಕೊಂಕಣಿ ಮನೆಯವನು, ಊರಿಗೇ ವಾಪಸ್ ಹೋದ. ಅವರು ಯಾರೂ ಕಡಲು ಬಿಡಲಿಲ್ಲ. ನಾನೊಬ್ಬ ಘಟ್ಟ ಹತ್ತಿ ಬೆಂಗಳೂರು ಸೇರಿದೆ. ಫೋನಿನಲ್ಲಿ ಮಾತಾಡ್ತಾ ಇರ್ತೇವೆ, ಮುಖ ನೋಡಿ ವರ್ಷಗಳಾದವು.

ಬರುವ ಜನವರಿಯಲ್ಲಿ ಒಂದು ವಿದೇಶಿ ಹಡಗು ಮುಂಬೈಯಿಂದ ಹೊರಟು ಮುರ್ಮುಗೋವಾ, ನವ ಮಂಗಳೂರು, ಕೊಚ್ಚಿ ಮುಟ್ಟಿ ಕೊಲಂಬೊಕ್ಕೆ ಹೋಗುತ್ತದೆ. ದಾರಿಯ ನಕ್ಷೆ ನೋಡಿದಾಗ ನನ್ನ ಗೆಳೆಯರ ಮನೆ ವಿಳಾಸ ಹಿಡಿದುಕೊಂಡೇ ಯಾರೋ ಗೆರೆ ಎಳೆದ ಹಾಗಿತ್ತು. ನಾನೂ ನನ್ನ ಹೆಂಡತಿಯೂ ಹೋಗೋದು ಅಂತ ತೀರ್ಮಾನ ಮಾಡಿದ್ದೇವೆ.

ಕೇಳಬೇಕಾದದ್ದು ಇಷ್ಟು. ಹಡಗು ಒಂದೊಂದು ಬಂದರಿನಲ್ಲಿ ಬೆಳಿಗ್ಗೆ ಬಂದು ಸಂಜೆ ಹೊರಡುತ್ತದೆ. ಅಷ್ಟರಲ್ಲಿ ಊರು ನೋಡೋದಾ, ಗೆಳೆಯರ ಮನೆಗೆ ಹೋಗೋದಾ? ಅವರನ್ನೇ ಹಡಗಿಗೆ ಕರೆಸಿ ಊಟ ಮಾಡಿಸಬಹುದಾ? ಕುಳಾಯಿಯವನಿಗೆ ಹಿಂದಿನ ವರ್ಷ ಸ್ಟ್ರೋಕ್ ಆಗಿದೆ. ಮಾತು ನಿಧಾನ, ಬಲಗೈಗೆ ಶಕ್ತಿ ಇಲ್ಲ, ಹೊರಗೆ ಹೋಗೋದು ಬಹುತೇಕ ನಿಂತಿದೆ. ನಿಜ ಹೇಳಬೇಕೆಂದರೆ ಈ ಪ್ರಯಾಣ ಹೊರಟಿರೋದೇ ಅವನಿಗಾಗಿ.

ಬಂದರು ನಿವೃತ್ತ

ಒಳ್ಳೆ ಯೋಚನೆ ಸರ್. ಆದರೆ ಹಡಗಿಗೆ ಕರೆಸುವ ಆಸೆ ಬಿಟ್ಟುಬಿಡಿ. 2004ರ ಜುಲೈಯಿಂದ ವಿದೇಶಿ ಹಡಗು ಬಂದುಹೋಗುವ ಬಂದರುಗಳಿಗೆಲ್ಲ ಐ.ಎಸ್.ಪಿ.ಎಸ್. ಅನ್ನುವ ಅಂತರರಾಷ್ಟ್ರೀಯ ಭದ್ರತಾ ನಿಯಮ ಬಂದಿದೆ. ಹಿಂದೆ ನೆಂಟರು ದಕ್ಕೆಗೇ ಬಂದು ಕೈ ಬೀಸುತ್ತಿದ್ದರಲ್ಲ, ಆ ಕಾಲ ಹೋಯಿತು. ಈಗ ಪಾಸ್ ಇಲ್ಲದೆ ಗೇಟಿನೊಳಗೇ ಬಿಡೋದಿಲ್ಲ. ಹಡಗಿನ ಕಂಪನಿಗೆ ಮೊದಲೇ ಬರೆದು ಕೇಳಿದರೂ ಹೆಚ್ಚಿನವರು ಆಗೋದಿಲ್ಲ ಅನ್ನುತ್ತಾರೆ.

ಇನ್ನೊಂದು ವಿಷಯ. ಬಂದರಿನೊಳಗೆ ಪ್ರಯಾಣಿಕರು ನಡೆದು ಹೋಗುವ ಹಾಗಿಲ್ಲ. ಕ್ರೇನು, ಲಾರಿ ಓಡಾಡುವ ಜಾಗ ಅದು. ಬಸ್ಸಿನಲ್ಲೋ ಪಾಸ್ ಇರುವ ಟ್ಯಾಕ್ಸಿಯಲ್ಲೋ ಗೇಟಿನ ತನಕ ಬರಬೇಕು. ನಿಮ್ಮವರು ಗೇಟಿನ ಹೊರಗೆ ಕಾಯಲಿ. ಯಾವ ಗೇಟು ಅಂತ ಹಿಂದಿನ ದಿನವೇ ಗಟ್ಟಿ ಮಾಡಿಕೊಳ್ಳಿ, ಯಾಕೆಂದರೆ ದೊಡ್ಡ ಬಂದರಿಗೆ ಒಂದೇ ಗೇಟು ಇರೋದಿಲ್ಲ.

ಹಡಗು ಆರು ಗಂಟೆಗೆ ಹೊರಡುತ್ತದೆ ಅಂದರೆ ನೀವು ಆರು ಗಂಟೆಗೆ ಬಂದರೆ ಸಾಲದು. ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಎಲ್ಲರೂ ಒಳಗಿರಬೇಕು. ಹಡಗಿನವರೇ ಕರೆದುಕೊಂಡು ಹೋಗುವ ಟೂರ್ ತಡವಾದರೆ ಹಡಗು ಕಾಯುತ್ತದೆ. ನೀವಾಗಿಯೇ ಹೋಗಿ ತಡವಾದರೆ ಕಾಯೋದಿಲ್ಲ. ಹಡಗಿಗೆ ದಾರಿ ತೋರಿಸುವ ಬಂದರಿನ ಪೈಲಟ್ ಹತ್ತಿ ಆಗಿರುತ್ತದೆ, ಎಳೆಯುವ ಟಗ್ ದೋಣಿ ಬಂದು ನಿಂತಿರುತ್ತದೆ, ಇಬ್ಬರಿಗೋಸ್ಕರ ಅದನ್ನೆಲ್ಲ ನಿಲ್ಲಿಸೋದಿಲ್ಲ. ವಾಪಸ್ ಬರುವ ಲೆಕ್ಕದಲ್ಲಿ ಒಂದೂವರೆ ಗಂಟೆ ಸುಮ್ನೆ ಕೈಯಲ್ಲಿಟ್ಟುಕೊಳ್ಳಿ.

ಬೈಕಂಪಾಡಿ ಟ್ಯಾಕ್ಸಿ

ಸಾರ್, ನಾನು ಸೀಸನ್ನಿನಲ್ಲಿ ಕ್ರೂಸ್ ಪ್ರಯಾಣಿಕರಿಗೆ ಗಾಡಿ ಓಡಿಸುವವನು. ನೀವು ಅದೃಷ್ಟವಂತರು. ನವ ಮಂಗಳೂರು ಬಂದರಿನ ಪಣಂಬೂರು ಗೇಟಿನಿಂದ ಕುಳಾಯಿ ಅಂದರೆ ಎಂತ ದೂರ ಮಾರಾಯ್ರೆ, ಬೈಕಂಪಾಡಿ ದಾಟಿದರೆ ಬಂತು. ಹೆಚ್ಚಿನ ವಿದೇಶಿಯವರು ಎದುರು ದಿಕ್ಕಿಗೆ ಹೋಗುತ್ತಾರೆ. ಸುಮಾರು 10 ಕಿ.ಮೀ. ಮಂಗಳೂರಿಗೆ, ಕುದ್ರೋಳಿ ದೇವಸ್ಥಾನ, ಕದ್ರಿ, ಮಾರ್ಕೆಟ್ಟು, ಗೇರುಬೀಜದ ಫ್ಯಾಕ್ಟರಿ. ಕೆಲವರು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ.

ನಿಮ್ಮ ಗೆಳೆಯರು ಹೊರಗೆ ಹೋಗೋದು ಬಹುತೇಕ ನಿಂತಿದೆ ಅಂದಿರಿ. ಅವರನ್ನು ಗೇಟಿಗೆ ಕರೆಸಬೇಡಿ. ಅಲ್ಲಿ ಕೂರಲು ನೆರಳಿಲ್ಲ, ಹೈವೇ ಪಕ್ಕ ಲಾರಿಗಳ ಸಾಲು. ನೀವೇ ಮನೆಗೆ ಹೋಗಿ. ಹೊರಗೆ ಸುತ್ತಿಸುವ ಮನಸ್ಸಿದ್ದರೆ ಎತ್ತರದ ಗಾಡಿ ಬೇಡ. ಹತ್ತಲು ಇಳಿಯಲು ಸೀಟು ತಗ್ಗಿರುವ, ಬಾಗಿಲು ಅಗಲ ಇರುವ ಕಾರು ಹೇಳಿ. ವ್ಹೀಲ್‌ಚೇರ್ ಮಡಚಿ ಡಿಕ್ಕಿಗೆ ಹಿಡಿಯುತ್ತದಾ ಅಂತಲೂ ಕೇಳಿ.

ಮತ್ಸ್ಯಗಂಧ ಪ್ರಯಾಣಿಕ

ಬೇಸರ ಮಾಡಿಕೊಳ್ಳಬೇಡಿ, ನನ್ನ ಅಭಿಪ್ರಾಯ ಬೇರೆ. ಗೆಳೆಯರನ್ನು ನೋಡೋದೇ ಉದ್ದೇಶ ಅಂದ ಮೇಲೆ ಹಡಗು ಯಾಕೆ? ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಶುರುವಾದಾಗಿನಿಂದ ಮುಂಬೈ, ಗೋವಾ, ಮಂಗಳೂರು, ಎರ್ನಾಕುಲಂ ಎಲ್ಲ ಒಂದೇ ಹಳಿಯ ಮೇಲಿದೆ. ಮಡಗಾಂವಿನಲ್ಲಿ ಇಳಿದು ವಾಸ್ಕೋದಲ್ಲಿ ಎರಡು ರಾತ್ರಿ ಇರಿ. ಸುರತ್ಕಲ್‌ನಲ್ಲೇ ಇಳಿದು ಕುಳಾಯಿಯಲ್ಲಿ ಒಂದು ವಾರ ಇರಿ. ಹಡಗಿನಲ್ಲಿ ಹೋದರೆ ಮಾತು ಬಿಸಿಯಾಗುವ ಹೊತ್ತಿಗೆ ಗಡಿಯಾರ ನೋಡಬೇಕು. ಕಾಯಿಲೆಯವರ ಮನೆಗೆ ಹೋಗಿ ಹಾಗೆ ಅರ್ಧಕ್ಕೆ ಎದ್ದು ಬರೋದು ನನಗಂತೂ ಕಷ್ಟ.

ಘಟ್ಟದ ಮೇಲಿನವ

ನಿಮ್ಮ ಮಾತು ಸರಿ ಇದೆ, ಅದರ ಬಗ್ಗೆ ಯೋಚನೆಯನ್ನೂ ಮಾಡಿದ್ದೇನೆ. ಆದರೆ ಎರಡು ಕಾರಣ ಇದೆ. ಕುಳಾಯಿ ಮನೆಯಲ್ಲಿ ಈಗ ಅತ್ತಿಗೆಯೊಬ್ಬರೇ ಎಲ್ಲ ನೋಡಿಕೊಳ್ಳೋದು. ನಾವಿಬ್ಬರು ಹೋಗಿ ಒಂದು ವಾರ ಕೂತರೆ ಅವರಿಗೆ ಹೊರೆ. ಬೆಳಿಗ್ಗೆ ಬಂದು ಸಂಜೆ ಹೋಗುವವರು ಅಂದರೆ ಅವರಿಗೂ ನಿರಾಳ. ಎರಡನೆಯದು, ಹಾಸ್ಟೆಲ್ ಹಿಂದಿನ ಮರಳಿನ ಮೇಲೆ ಕೂತು ದೂರದಲ್ಲಿ ಹೋಗುವ ಹಡಗಿನ ದೀಪ ನೋಡಿಕೊಂಡು ನಾವು ವರ್ಷಗಳನ್ನು ಕಳೆದವರು. ಒಂದು ದಿನ ಅದರಲ್ಲಿ ಹೋಗಬೇಕು ಅಂತ ನಾಲ್ವರೂ ಹೇಳುತ್ತಿದ್ದೆವು.

ಕುಮಟಾದ ಅಜ್ಜಿ

ನನಗೆ ಎಂಬತ್ತು ದಾಟಿದೆ, ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ಹಡಗಿನಲ್ಲಿ ಹೋಗಿ ತಮ್ಮವರನ್ನು ನೋಡಿ ಬರೋದು ನಿಮಗೆ ಹೊಸದು. ನಮಗೆ ಅದೊಂದೇ ದಾರಿ. ನನ್ನ ಅಮ್ಮ ಮುಂಬೈಯಿಂದ ತವರಿಗೆ ಬರುತ್ತಿದ್ದದ್ದು ಸ್ಟೀಮರಿನಲ್ಲೇ. ನಾನು ಚಿಕ್ಕವಳು, ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗುತ್ತಿದ್ದೆವು. ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಹೋಗುವ ಹುಡುಗರು ತುಂಬ ಇರುತ್ತಿದ್ದರು. ಕೆಲವರಿಗೆ ಮೀಸೆಯೂ ಬಂದಿರಲಿಲ್ಲ. ಅಮ್ಮ ಬುತ್ತಿ ಬಿಚ್ಚಿದರೆ ಅವರಿಗೂ ಒಂದು ತುತ್ತು ಕೊಡದೆ ಉಣ್ಣುತ್ತಿರಲಿಲ್ಲ.

ನಮ್ಮ ಕಡೆ ಅಳಿವೆಯಲ್ಲಿ ಮರಳು ತುಂಬಿರುವುದರಿಂದ ದೊಡ್ಡ ಹಡಗು ಒಳಗೆ ಬರುತ್ತಿರಲಿಲ್ಲ. ಹೊರಗೇ ಲಂಗರು ಹಾಕುತ್ತಿತ್ತು. ದೋಣಿ ಬಂದು ಪಕ್ಕಕ್ಕೆ ನಿಲ್ಲಬೇಕು, ತೆರೆ ಮೇಲೆ ಬಂದಾಗ ಇಳಿಯಬೇಕು. ಮಕ್ಕಳನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತಿದ್ದರು. ಮಳೆಗಾಲ ಶುರುವಾದರೆ ಸ್ಟೀಮರ್ ಬಂದ್. ಆಮೇಲೆ ಮುಂಬೈಯಲ್ಲಿದ್ದವರ ಸುದ್ದಿ ಕಾಗದದಲ್ಲಷ್ಟೇ. ದಸರೆ ಹೊತ್ತಿಗೆ ಮೊದಲ ಹಡಗು ಬರುತ್ತದೆ ಅಂದರೆ ಊರಿಗೆ ಊರೇ ದಂಡೆಗೆ ಹೋಗುತ್ತಿತ್ತು.

ನೀವು ಹೋಗಿ ಬನ್ನಿ ತಮ್ಮಾ. ಒಂದು ದಿನ ಸಿಕ್ಕಿದರೂ ದೊಡ್ಡದೇ.

ವಾಸ್ಕೋ ಕನ್ನಡಿಗ

ಮುರ್ಮುಗೋವಾದ ಬಗ್ಗೆ ನಾನು ಹೇಳುತ್ತೇನೆ. ಹಡಗಿನವರು ಗೋವಾ ಅಂತ ಬರೆದಿರುತ್ತಾರೆ, ಜನ ಇಳಿದ ಕೂಡಲೇ ಬೀಚು ಎಲ್ಲಿ ಅಂತ ಹುಡುಕುತ್ತಾರೆ. ಇಳಿಯೋದು ಅದಿರು, ಕಲ್ಲಿದ್ದಲು ಸಾಗಿಸುವ ಬಂದರಿನಲ್ಲಿ. ಪಣಜಿಯೂ ಮಡಗಾಂವೂ ಅಲ್ಲಿಂದ ಸುಮಾರು 30 ಕಿ.ಮೀ. ದೂರ. ಜುವಾರಿ ನದಿಗೆ ಹೊಸ ಸೇತುವೆ ಆದ ಮೇಲೆ ಪಣಜಿ ದಾರಿ ಎಷ್ಟೋ ಸುಲಭ. ಆದರೂ ಹಳೇ ಗೋವಾದ ಚರ್ಚುಗಳನ್ನು ನೋಡಿ ಬರುವಷ್ಟರಲ್ಲಿ ದಿನ ಮುಗಿಯುತ್ತದೆ.

ನಿಮ್ಮ ಗೆಳೆಯ ವಾಸ್ಕೋದಲ್ಲೇ ಇದ್ದಾನೆ ಅಂದ ಮೇಲೆ ಅಲ್ಲೇ ಇರಿ. ಬೇರೆಯವರು ಇದೊಂದು ಕೈಗಾರಿಕೆ ಊರು ಅಂತ ಮೂಗು ಮುರಿಯುತ್ತಾರೆ. ನಮಗೆ ಹಾಗಲ್ಲ. ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ ಕಡೆಯಿಂದ ಬಂದು ಇಲ್ಲಿ ಬಂದರಿನಲ್ಲಿ, ಕಟ್ಟಡಗಳಲ್ಲಿ ದುಡಿದವರ ಮಕ್ಕಳು ಈಗ ಇಲ್ಲೇ ಅಂಗಡಿ ಇಟ್ಟಿದ್ದಾರೆ. ಮಾರ್ಕೆಟ್ಟಿನಲ್ಲಿ ಕನ್ನಡ ಮಾತಾಡಿ, ಜೋಳದ ರೊಟ್ಟಿ ಎಲ್ಲಿ ಸಿಗುತ್ತದೆ ಅಂತ ಅವರೇ ಹೇಳುತ್ತಾರೆ. ಸಂಜೆ ಹೊತ್ತಿದ್ದರೆ ಗುಡ್ಡದ ಮೇಲಿನ ಜಪಾನೀಸ್ ಗಾರ್ಡನ್‌ಗೆ ಹೋಗಿ, ಅಲ್ಲಿಂದ ಕಡಲು ಚೆನ್ನಾಗಿ ಕಾಣುತ್ತದೆ. ಟ್ಯಾಕ್ಸಿ ದರ ಮಾತ್ರ ಹತ್ತುವ ಮೊದಲೇ ಮಾತಾಡಿ.

ಮಾಟುಂಗಾ ಮಗಳು

ಎಲ್ಲರೂ ಗೆಳೆಯರ ಬಗ್ಗೆಯೇ ಹೇಳುತ್ತಿದ್ದೀರಿ. ನಾನು ಜೊತೆಗೆ ಹೋಗುವ ಹೆಂಡತಿಯ ಪರವಾಗಿ ಒಂದು ಮಾತು ಹೇಳುತ್ತೇನೆ. ನಮ್ಮ ಮನೆಯವರ ಕಾಲೇಜು ಗೆಳೆಯರು ಸೇರಿದಾಗಲೆಲ್ಲ ನಾನು ಪಕ್ಕದಲ್ಲಿ ಕೂತು ನಗುತ್ತಾ ಇರಬೇಕು. ಯಾವ ಪ್ರೊಫೆಸರ್, ಯಾವ ಪರೀಕ್ಷೆ, ಏನೂ ಗೊತ್ತಿರೋದಿಲ್ಲ. ಮೂರು ಬಂದರಿನಲ್ಲೂ ಹಾಗೇ ಆದರೆ ಅವರಿಗೆ ಅದು ಪ್ರವಾಸ ಅನಿಸೋದಿಲ್ಲ. ಮಂಗಳೂರಿನಲ್ಲಿ ಒಂದೆರಡು ಗಂಟೆ ಅವರಿಗಂತಲೇ ಇಡಿ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿಸಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ 1899ರ ಹೊತ್ತಿಗೆ ಶುರು ಮಾಡಿ ಗೋಡೆ, ಛಾವಣಿ ಎಲ್ಲ ಚಿತ್ರ ಬರೆದಿದ್ದಾರೆ. ಕತ್ತು ನೋಯುವ ತನಕ ಮೇಲೆ ನೋಡಿದರೂ ಮುಗಿಯೋದಿಲ್ಲ. ಕದ್ರಿ ಮಂಜುನಾಥನ ಗುಡಿಯೂ ಹತ್ತಿರ. ಅಲ್ಲಿನ ಕಂಚಿನ ಲೋಕೇಶ್ವರನ ಪೀಠದ ಮೇಲೆ ಇರುವ ಬರಹ ಕ್ರಿ.ಶ. 968ರದ್ದು.

ಘಟ್ಟದ ಮೇಲಿನವ

ಇದನ್ನು ಓದಿ ಹೇಳಿದೆ. ನನ್ನ ಹೆಂಡತಿ ನಿಮಗೆ ದೊಡ್ಡ ಥ್ಯಾಂಕ್ಸ್ ಹೇಳಿದ್ದಾಳೆ!

ಎರ್ನಾಕುಲಂ ಉಡುಪಿ

ಕೊಚ್ಚಿಗೆ ಹಡಗು ಬರುವಾಗ ಮಲಗಬೇಡಿ. ಎಷ್ಟೇ ಬೇಗ ಆದರೂ ಎದ್ದು ಡೆಕ್ಕಿಗೆ ಬನ್ನಿ. ಬೇರೆ ಬಂದರಿನಲ್ಲಿ ಊರು ದೂರದಲ್ಲಿರುತ್ತದೆ. ಇಲ್ಲಿ ಹಡಗು ಊರಿನ ನಡುವೆಯೇ ನುಗ್ಗುತ್ತದೆ. ಬಲಗಡೆ ಫೋರ್ಟ್ ಕೊಚ್ಚಿ, ಎಡಗಡೆ ವೈಪಿನ್. ಬಲಗಡೆ ನಿಂತರೆ ಚೀನೀ ಬಲೆಗಳು ಒಂದರ ಪಕ್ಕ ಒಂದು ಕಾಣುತ್ತವೆ. ಬಲೆ ಎಳೆಯುವವರ ಮುಖ ಕೂಡ ಕಾಣುವಷ್ಟು ಹತ್ತಿರ.

ಹಡಗು ನಿಲ್ಲೋದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಬಂದರಿಗಾಗಿ ಹೂಳೆತ್ತಿದ ಮಣ್ಣಿನಿಂದಲೇ ಮಾಡಿದ ದ್ವೀಪ ಅದು. ರಾಬರ್ಟ್ ಬ್ರಿಸ್ಟೋ ಅನ್ನುವ ಎಂಜಿನಿಯರ್ 1920ರ ದಶಕದಲ್ಲಿ ಶುರು ಮಾಡಿದ ಕೆಲಸ. ಸಿವಿಲ್ ಓದಿದವರಾದರೆ ನಿಮಗೆ ಖುಷಿ ಆಗುತ್ತದೆ. ಅಲ್ಲಿಂದ ಮಟ್ಟಾಂಚೇರಿ ತೀರಾ ದೂರ ಇಲ್ಲ. ತೋಪ್ಪುಂಪಡಿ ಮೇಲೆ ರಸ್ತೆಯಲ್ಲಿ ಹೋಗಬಹುದು. ಮಧ್ಯಾಹ್ನ ಅಲ್ಲಿ ಗಾಡಿ ಸಿಕ್ಕಿಕೊಳ್ಳುತ್ತದೆ, ಹೋಗುವುದಕ್ಕಿಂತ ಬರುವುದಕ್ಕೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ.

ಗೆಳೆಯರು ಕೊಂಕಣಿಯವರು ಅಂದಿರಿ. ಹಾಗಾದರೆ ತಿರುಮಲ ದೇವಸ್ವಂ ಗುಡಿಗೆ ಕರೆದುಕೊಂಡು ಹೋಗಿಯೇ ಹೋಗುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ದಕ್ಷಿಣಕ್ಕೆ ಬಂದವರು ಕಟ್ಟಿಕೊಂಡ ಗುಡಿ. ನೀವು ಹಡಗಿನಲ್ಲಿ ಬರುವ ಈ ದಾರಿಯಲ್ಲೇ ಅವರ ಹಿರಿಯರೂ ಇಳಿದು ಬಂದದ್ದು. ಆ ಕೇರಿಯಲ್ಲಿ ಈಗಲೂ ಕೊಂಕಣಿ ಕೇಳುತ್ತದೆ. ಹತ್ತಿರದಲ್ಲೇ 1568ರ ಯೆಹೂದಿ ಪ್ರಾರ್ಥನಾ ಮಂದಿರ. ಶನಿವಾರ ಅದು ಮುಚ್ಚಿರುತ್ತದೆ, ದಿನ ನೋಡಿಕೊಳ್ಳಿ.

ಬಾಸ್ಟನ್‌ನಲ್ಲಿರುವ ಶಿರಸಿಯವಳು

ನಾವು ಇಲ್ಲಿಂದ ಬಾರ್ ಹಾರ್ಬರ್, ಹ್ಯಾಲಿಫ್ಯಾಕ್ಸ್ ಕಡೆ ಹೋದಾಗ ಕಲಿತದ್ದು ಒಂದು. ಹಡಗು ದಕ್ಕೆಗೆ ಕಟ್ಟುವ ಬಂದರು ಯಾವುದು, ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಬಿಡುವ ಬಂದರು ಯಾವುದು ಅಂತ ಮೊದಲೇ ಕೇಳಿ. ದೋಣಿಯ ಬಂದರಿನಲ್ಲಿ ಗಾಳಿ ಜಾಸ್ತಿಯಾದರೆ ಇಳಿಸೋದೇ ಇಲ್ಲ. ಬಾರ್ ಹಾರ್ಬರ್‌ನಲ್ಲಿ ಹಾಗೇ ಆಗಿ, ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದ ಗೆಳತಿ ದಡದಲ್ಲಿ, ನಾನು ಡೆಕ್ಕಿನ ಮೇಲೆ. ಫೋನಿನಲ್ಲೇ ಅತ್ತೆವು. ನಿಮ್ಮ ಮೂರೂ ಬಂದರು ದಕ್ಕೆಯವೇ ಅಂತ ಕಾಣುತ್ತದೆ, ಒಳ್ಳೆಯದಾಯಿತು.

ಬಂದರು ನಿವೃತ್ತ

ಹೌದು, ಮೂರರಲ್ಲೂ ದಕ್ಕೆಗೇ ಕಟ್ಟುತ್ತಾರೆ. ನವ ಮಂಗಳೂರು ಅಂತೂ ನೆಲ ತೋಡಿ ಒಳಗೆ ಮಾಡಿದ ಬಂದರು. 1975ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಅದಕ್ಕೆ ಮುಂಚೆ ದೊಡ್ಡ ಹಡಗುಗಳು ಹಳೇ ಬಂದರಿನ ಅಳಿವೆ ದಾಟಲಾರದೆ ಹೊರಗೇ ನಿಲ್ಲುತ್ತಿದ್ದವು. ಈಗ ಉತ್ತರ, ದಕ್ಷಿಣ ಎರಡೂ ಕಡೆ ತಡೆಗೋಡೆ ಇದೆ. ಒಳಗೆ ಬಂದ ಮೇಲೆ ನೀರು ಅಲ್ಲಾಡೋದಿಲ್ಲ.

ಬಂದರ್ ಮಂಜಿ

ದ್ವೀಪದ ಕಡೆ ಹೋಗುವವರು ಯಾರಾದರೂ ಇದ್ದಾರಾ? ನಮ್ಮದು ಮಂಗಳೂರು ಹಳೇ ಬಂದರಿನಲ್ಲಿ ತೆಂಗಿನ ನಾರು, ಕೊಬ್ಬರಿ ವ್ಯಾಪಾರ ಇದ್ದ ಮನೆ. ಲಕ್ಷದ್ವೀಪದ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಇವೆಲ್ಲ 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಯವರು ಮಂಜಿಯಲ್ಲಿ, ಅಂದರೆ ಸರಕಿನ ಹಾಯಿದೋಣಿಯಲ್ಲಿ, ನಾರು ತಂದು ಅಕ್ಕಿ, ಸಾಮಾನು ಒಯ್ಯುತ್ತಿದ್ದರು. ಕಡ್ಮತ್‌ನ ಒಬ್ಬರು ಪ್ರತಿ ವರ್ಷ ಬಂದರೆ ನಮ್ಮ ಮಾಳಿಗೆಯ ಮೇಲೇ ವಾಸ. ಅವರ ಮಗ ಮತ್ತು ನಾನು ಒಟ್ಟಿಗೆ ಬಾವಿಕಟ್ಟೆಯಲ್ಲಿ ಸ್ನಾನ ಮಾಡಿದವರು. ಮುಂಬೈಯಿಂದ ಲಕ್ಷದ್ವೀಪಕ್ಕೆ ಕ್ರೂಸ್ ಇದೆ ಅಂತ ಕೇಳಿ ಆಸೆ ಹುಟ್ಟಿದೆ.

ಬಂದರು ನಿವೃತ್ತ

ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು. ಕ್ರೂಸ್ ಆದರೆ ಅದನ್ನು ಕಂಪನಿಯವರೇ ಮಾಡಿಸುತ್ತಾರೆ. ಆದರೆ ನಿಮಗೆ ಬೇಕಾದ ದ್ವೀಪದಲ್ಲಿ ನಿಲ್ಲುತ್ತದಾ ನೋಡಿ. ಎಲ್ಲ ಕ್ರೂಸ್‌ಗಳೂ ಕಡ್ಮತ್‌ಗೆ ಹೋಗೋದಿಲ್ಲ. ಅಲ್ಲಿ ಶಿರಸಿಯವರು ಹೇಳಿದ ಸಮಸ್ಯೆ ಇದ್ದೇ ಇದೆ. ಹಡಗು ಹೊರಗೆ ನಿಲ್ಲುತ್ತದೆ, ಸಣ್ಣ ದೋಣಿಯಲ್ಲಿ ಹವಳದ ಲಗೂನಿನೊಳಗೆ ಬರಬೇಕು. ಕಡಲು ಒಪ್ಪದಿದ್ದರೆ ಇಳಿಸೋದಿಲ್ಲ. ನೀವು ಒಬ್ಬರನ್ನೇ ನೋಡಲು ಹೋಗುವವರು. ಕೊಚ್ಚಿಯಿಂದ ಹೋಗುವ ಸರ್ಕಾರಿ ಪ್ರಯಾಣಿಕ ಹಡಗು ನಿಮಗೆ ಹೆಚ್ಚು ಸರಿ.

ಘಟ್ಟದ ಮೇಲಿನವ

ಹೋಗಿ ಬಂದೆವು. ಎಲ್ಲರಿಗೂ ವಿವರವಾಗಿ ಹೇಳಬೇಕು, ಉದ್ದವಾದರೆ ಕ್ಷಮಿಸಿ.

ಮುಂಬೈಯಲ್ಲಿ ಹತ್ತಿದ್ದು ಬಲ್ಲಾರ್ಡ್ ಪಿಯರ್ ಕಡೆಯಿಂದ. ಚೀಟಿ, ಪಾಸ್‌ಪೋರ್ಟ್, ಬ್ಯಾಗ್ ತಪಾಸಣೆ, ಸಾಲು. ಅಷ್ಟೇ. ಶ್ರೀಲಂಕಾದ ಪ್ರವೇಶಕ್ಕೆ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿಕೊಂಡಿದ್ದೆವು. ಹಡಗಿನೊಳಗಿನ ಈಜುಕೊಳ, ನಾಟಕ, ಊಟದ ಸಾಲು ಇವೆಲ್ಲದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ನಾನು ಬಿಡುತ್ತೇನೆ. ಕಡಲಿನ ನಡುವೆ ಹೋದ ಮೇಲೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಹಡಗಿನ ರೋಮಿಂಗ್ ನೆಟ್‌ವರ್ಕಿಗೆ ಸಿಕ್ಕಿಕೊಂಡರೆ ಬಿಲ್ ಜೋರಾಗಿ ಬರುತ್ತದೆ. ದಡ ಹತ್ತಿರವಾದರೆ ನಮ್ಮ ಮಾಮೂಲಿ ಸಿಗ್ನಲ್ ಸಿಗುತ್ತದೆ.

ವಾಸ್ಕೋದ ಗೆಳೆಯ ಗೇಟಿನಲ್ಲಿ ನಿಂತಿದ್ದ. ತಲೆ ಪೂರ್ತಿ ಬಿಳಿ, ನಿಂತ ಭಂಗಿ ಮಾತ್ರ ಅದೇ, ಒಂದು ಕಾಲಿನ ಮೇಲೆ ಭಾರ ಹಾಕಿ. ಅವನ ಮನೆ, ಮಾರ್ಕೆಟ್ಟು, ಆಮೇಲೆ ಬಂದರು ಕಾಣುವ ಗುಡ್ಡ. ಅದಿರಿನ ಹಡಗು ತುಂಬುವಾಗ ರಾತ್ರಿಪಾಳಿ ಮಾಡಿದ ದಿನಗಳು, 2012ರಲ್ಲಿ ಗಣಿಗಾರಿಕೆ ನಿಂತಾಗ ಊರು ಏನಾಯಿತು, ಲಾರಿ ಸಾಲ ಮಾಡಿದವರ ಪಾಡು, ಇದೆಲ್ಲ ಅವನು ಫೋನಿನಲ್ಲಿ ಯಾವತ್ತೂ ಹೇಳಿರಲಿಲ್ಲ. ಗುಡ್ಡದ ಮೇಲೆ ನಿಂತು ಬೆರಳು ಮಾಡಿ ತೋರಿಸುತ್ತಾ ಹೇಳಿದ. ಹಳೇ ಗೋವಾ ನೋಡಲಿಲ್ಲ. ಅದು ಅಲ್ಲೇ ಇರುತ್ತದೆ, ಇನ್ನೊಮ್ಮೆ ನೋಡಬಹುದು.

ಈಗ ಮಂಗಳೂರು. ಗೋವಾದಿಂದ ಬರುವಾಗ ಬೆಳಗಿನ ಜಾವ ಎದ್ದು ಎಡಗಡೆಯ ಡೆಕ್ಕಿಗೆ ಹೋದೆ. ಕತ್ತಲೆ. ಮೊದಲು ಕಾಪು ದೀಪಸ್ತಂಭದ ಬೆಳಕು ಬಂತು. 1901ರದ್ದು ಅದು, ಕಾಲೇಜಿನಲ್ಲಿದ್ದಾಗ ಬಂಡೆ ಹತ್ತಿ ಅದರ ಕೆಳಗೆ ಕೂತಿದ್ದೆವು. ಸ್ವಲ್ಪ ಹೊತ್ತಿಗೆ ಸುರತ್ಕಲ್‌ನ ದೀಪ. ಕುಳಾಯಿಗೆ ಫೋನ್ ಮಾಡಿದೆ. ಅವನ ಮಗ ಎತ್ತಿದ. ಅಪ್ಪನನ್ನು ತಾರಸಿಗೆ ಎತ್ತಿಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದ್ದೇವೆ ಅಂಕಲ್, ನಿಮ್ಮ ಹಡಗಿನ ದೀಪ ಕಾಣುತ್ತಿದೆ ಅಂದ. ಆಮೇಲೆ ಫೋನು ಅವನ ಕೈಗೆ ಕೊಟ್ಟರು. ಸುಮಾರು ಹೊತ್ತು ಉಸಿರಷ್ಟೇ ಕೇಳಿತು. ಕೊನೆಗೆ, "ಬಾ, ತಿಂಡಿ ರೆಡಿ ಇದೆ" ಅಂದ.

ಮನೆಯಲ್ಲಿ ಅವನ ತೊಡೆಯ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಎಡಗೈಯಲ್ಲಿ ಬರೆಯೋದು ಕಲಿತಿದ್ದಾನೆ. ಜಾಸ್ತಿ ಮಾತಾಡಿದರೆ ಸುಸ್ತಾಗುತ್ತದೆ ಅಂತ, ನನ್ನ ಹತ್ತಿರ ಕೇಳಬೇಕಾದದ್ದನ್ನೆಲ್ಲ ಮೊದಲೇ ಬರೆದಿಟ್ಟಿದ್ದ. ಅಕ್ಷರ ಒಂದನೇ ತರಗತಿಯ ಮಕ್ಕಳದ್ದರ ಹಾಗೆ ದೊಡ್ಡದು, ಸೊಟ್ಟ. "ನಿನ್ನ ಮಗಳಿಗೆ ಕೆಲಸ ಆಯಿತಾ." "ಮೆಸ್ಸಿನ ಅಡುಗೆಯವರು ಈಗ ಎಲ್ಲಿ." "ಸರ್ವೇ ಕ್ಯಾಂಪಿನಲ್ಲಿ ಕಳೆದ ಕೊಡೆ ಯಾರದ್ದು." ಒಂದೊಂದರ ಮೇಲೂ ಬೆರಳಿಡುತ್ತಿದ್ದ, ನಾನು ಹೇಳುತ್ತಿದ್ದೆ, ಮುಗಿದ ಮೇಲೆ ಪಕ್ಕದಲ್ಲಿ ಒಂದು ಟಿಕ್. ಅತ್ತಿಗೆ ಮೂಡೆ ಮಾಡಿದ್ದರು, ಮಧ್ಯಾಹ್ನಕ್ಕೆ ಬಂಗುಡೆ ಪುಳಿಮುಂಚಿ. ಹೆಂಡತಿ ಅವನ ಸೊಸೆಯ ಜೊತೆ ಅಲೋಶಿಯಸ್ ಚಾಪೆಲ್‌ಗೆ, ಕದ್ರಿಗೆ ಹೋಗಿ ಬಂದಳು. ಮಾಟುಂಗಾದವರಿಗೆ ಅವಳ ಪರವಾಗಿ ಮತ್ತೊಮ್ಮೆ ಥ್ಯಾಂಕ್ಸ್.

ಪಟ್ಟಿಯ ಕೊನೆಯಲ್ಲಿ "ಬೀಚ್" ಅಂತ ಒಂದೇ ಪದ ಇತ್ತು. ಅಷ್ಟು ಹತ್ತಿರ ಇದ್ದೂ ಸ್ಟ್ರೋಕ್ ಆದ ಮೇಲೆ ಅವನು ಕಡಲಿನ ಹತ್ತಿರ ಹೋಗಿರಲಿಲ್ಲ. ಬೈಕಂಪಾಡಿ ಟ್ಯಾಕ್ಸಿಯವರು ಹೇಳಿದ ಹಾಗೆ ತಗ್ಗು ಸೀಟಿನ ಕಾರು ತಂದಿದ್ದರು. ಮಗನೂ ಅವರೂ ಸೇರಿ ಕೂರಿಸಿದರು. ಸುರತ್ಕಲ್ ದೀಪಸ್ತಂಭದ ಹತ್ತಿರ, ರಸ್ತೆ ಮುಗಿಯುವಲ್ಲಿ ಕಾರು ನಿಲ್ಲಿಸಿ ಬಾಗಿಲು ತೆಗೆದು ಕೂತೆವು. ಮರಳಿಗೆ ಇಳಿಯಲಿಲ್ಲ. ಅಲ್ಲಿಂದ ವಿಡಿಯೋ ಕಾಲ್ ಮಾಡಿ ವಾಸ್ಕೋ, ಕೊಚ್ಚಿ ಇಬ್ಬರನ್ನೂ ಸೇರಿಸಿಕೊಂಡೆವು.

ಮತ್ಸ್ಯಗಂಧದವರು ಹೇಳಿದ್ದು ನೆನಪಿತ್ತು. ಎದ್ದು ಬರೋದು ಕಷ್ಟವಾಯಿತು, ಸುಳ್ಳು ಹೇಳೋದಿಲ್ಲ. ಆದರೆ ಅಷ್ಟೊತ್ತಿಗೆ ಅವನಿಗೂ ಆಯಾಸವಾಗಿತ್ತು. ಇನ್ನೂ ಒಂದು ದಿನ ಇದ್ದಿದ್ದರೆ ಅವನು ನಮಗಾಗಿ ಎದ್ದು ಕೂರಬೇಕಾಗುತ್ತಿತ್ತು. ಹುಷಾರಿಲ್ಲದವರನ್ನು ನೋಡಲು ಒಂದು ಹಗಲು ಸರಿಯಾದ ಅಳತೆ ಅಂತ ನನಗೆ ಅನಿಸಿತು.

ಕೊಚ್ಚಿಯಲ್ಲಿ ಬಲೆಗಳನ್ನು ಬಲಗಡೆ ನಿಂತೇ ನೋಡಿದೆವು. ಗೆಳೆಯನ ಕನ್ನಡಕ್ಕೆ ಮಲಯಾಳಂ ಸೇರಿಕೊಂಡಿದೆ, ಬೈಗುಳ ಮಾತ್ರ ಶುದ್ಧ ಹಾಸ್ಟೆಲ್ ಕನ್ನಡ. ತಿರುಮಲ ದೇವಸ್ವಂಗೆ ಕರೆದುಕೊಂಡು ಹೋದ. ಅವನ ತಾಯಿಗೆ ತೊಂಬತ್ತು ದಾಟಿದೆ, ನನ್ನನ್ನು ಗುರುತು ಹಿಡಿದರು.

ಒಂದು ಎಚ್ಚರಿಕೆ. ಮನೆಯಲ್ಲಿ ಮಾಡಿದ ತಿಂಡಿ ಹಡಗಿನೊಳಗೆ ಬಿಡೋದಿಲ್ಲ. ಕುಳಾಯಿಯಲ್ಲಿ ಕಟ್ಟಿಕೊಟ್ಟ ಮೂಡೆಯನ್ನು ನಾವು ಗೇಟಿನ ಹೊರಗೇ ಟ್ಯಾಕ್ಸಿಯಲ್ಲಿ ಕೂತು ತಿಂದೆವು. ಸೀಲ್ ಆಗಿರುವ ಪ್ಯಾಕೆಟ್ಟಿಗೆ ತೊಂದರೆ ಮಾಡಲಿಲ್ಲ.

ಮತ್ಸ್ಯಗಂಧ ಪ್ರಯಾಣಿಕ

ಓದಿದೆ ಸರ್. ಹಗಲಿನ ಅಳತೆಯ ಮಾತು ಒಪ್ಪುತ್ತೇನೆ. ಗಟ್ಟಿಯಾಗಿರುವ ಗೆಳೆಯರಿಗೆ ಮಾತ್ರ ರಾತ್ರಿ ಬೇಕು, ಊಟ ಆದ ಮೇಲೆ ಶುರುವಾಗುವ ಮಾತೇ ಬೇರೆ. ವಾಸ್ಕೋದವರ ಮನೆಗೆ ಮುಂದಿನ ಸಲ ರೈಲಿನಲ್ಲಿ ಹೋಗಿ.

ಘಟ್ಟದ ಮೇಲಿನವ

ಮಾರ್ಚ್‌ಗೆ ಟಿಕೆಟ್ ಮಾಡಿಸಿದ್ದೇನೆ. ಅವನನ್ನು ಅಲ್ಲಿಂದ ಕುಳಾಯಿಗೆ ಕರೆದುಕೊಂಡು ಹೋಗುವ ಯೋಚನೆ ಇದೆ.

ಪಡುಬಿದ್ರಿ ಅಕ್ಕ

ನನ್ನ ತಾಯಿಗೆ ಮಂಡಿ ನೋವು, ವ್ಹೀಲ್‌ಚೇರ್ ಬೇಕು. ಮುಂಬೈಯಲ್ಲಿರುವ ಚಿಕ್ಕಮ್ಮ, ಕೊಚ್ಚಿಯಲ್ಲಿರುವ ಅವರ ಹಳೇ ಟೀಚರ್ ಗೆಳತಿ ಇಬ್ಬರನ್ನೂ ತೋರಿಸಬೇಕು ಅಂತ ಆಸೆ. ಹಡಗಿನಲ್ಲಿ ಆಗುತ್ತದಾ?

ಘಟ್ಟದ ಮೇಲಿನವ

ಹಡಗಿನೊಳಗೆ ಲಿಫ್ಟ್ ಇದೆ, ಓಡಾಡಲು ತೊಂದರೆ ಇಲ್ಲ. ವ್ಹೀಲ್‌ಚೇರ್ ಹೋಗುವ ಅಗಲ ಬಾಗಿಲಿನ ಕ್ಯಾಬಿನ್‌ಗಳು ಕೆಲವೇ ಇರುತ್ತವೆ, ಬೇಗ ಮುಗಿದುಹೋಗುತ್ತವೆ. ಬುಕ್ ಮಾಡುವಾಗಲೇ ಕೇಳಿ. ಅಲುಗಾಟ ಕಡಿಮೆ ಬೇಕಿದ್ದರೆ ಕೆಳಗಿನ ಮಹಡಿಯಲ್ಲಿ, ಹಡಗಿನ ನಡುಭಾಗದ ಕ್ಯಾಬಿನ್ ತೆಗೆದುಕೊಳ್ಳಿ. ಇಳಿಯುವ ಏಣಿ ಒಂದೊಂದು ಬಂದರಿನಲ್ಲಿ ಒಂದೊಂದು ಥರ ಇರುತ್ತದೆ. ಉಬ್ಬರ ಇದ್ದಾಗ ಕಡಿದಾಗುತ್ತದೆ, ಇಳಿತದಲ್ಲಿ ಸಲೀಸು. ಸಿಬ್ಬಂದಿ ಹಿಡಿದುಕೊಳ್ಳುತ್ತಾರೆ.

ದುಡ್ಡಿನ ವಿಚಾರ ಇನ್ನೊಂದು. ಜಾಹೀರಾತಿನ ದರ ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಇದ್ದರೆ ತಲಾ ಇಷ್ಟು ಅಂತ. ಅದರ ಮೇಲೆ ತೆರಿಗೆ, ಬಂದರು ಶುಲ್ಕ, ದಿನಕ್ಕೆ ತಲೆಗಿಷ್ಟು ಅಂತ ಸೇವಾ ಶುಲ್ಕ ಸೇರುತ್ತದೆ. ಎಲ್ಲ ಕೂಡಿಸಿ ಎಷ್ಟು ಅಂತ ಬರೆಸಿಕೊಳ್ಳಿ.

ಬೈಕಂಪಾಡಿ ಟ್ಯಾಕ್ಸಿ

ಅಕ್ಕಾ, ಸೀಸನ್ ನವೆಂಬರ್‌ನಿಂದ ಏಪ್ರಿಲ್ ತನಕ, ಮಳೆ ಶುರುವಾದರೆ ಇಲ್ಲ. ಮಂಗಳೂರಿಗೆ ಬರುವ ಹಡಗಾದರೆ ಒಂದು ಮಾತು ಹೇಳಿ. ಪಡುಬಿದ್ರಿ ನಮ್ಮ ಗೇಟಿನಿಂದ ಹೈವೇಯಲ್ಲೇ ಸೀದಾ. ಅಮ್ಮನನ್ನು ಮಧ್ಯಾಹ್ನದ ಊಟಕ್ಕೆ ಅವರ ಮನೆಗೇ ಕರೆದುಕೊಂಡು ಹೋಗಿ ವಾಪಸ್ ಹಡಗಿಗೆ ಬಿಡಬಹುದು.